ಅಬ್ಬಿಗೆರೆ ತಳಿ

ವೀರಬಸಪ್ಪನವರಿಗೆ ಬಾಳಿನಲ್ಲಿ ಬೇಕಾಗಿದ್ದದ್ದು ಒಂದು ಬಾಗಿಲು. ಮನೆಯದಲ್ಲ, ಅಬ್ಬಿಗೆರೆಯ ಬಾಡಿಗೆ ಮನೆಗೆ ಬಾಗಿಲು ಇತ್ತು, ಕಿರುಗುಟ್ಟುತ್ತಿದ್ದರೂ ಇತ್ತು. ಅವರಿಗೆ ಬೇಕಾಗಿದ್ದದ್ದು ಆಫೀಸಿನಲ್ಲಿ ತಮ್ಮದೇ ಆದ ಒಂದು ಬಾಗಿಲು. ಅದರ ಮೇಲೆ ತಮ್ಮ ಹೆಸರಿರಬೇಕು, ಒಳಗೆ ಬರುವವರು ತಟ್ಟಿ ಬರಬೇಕು, ತಾವು ಒಂದು ಕ್ಷಣ ತಡೆದು "ಬರ್ರಿ" ಅನ್ನಬೇಕು.

ಯಲಹಂಕದ ಆಚೆಗಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಆಫೀಸ್ ಸೂಪರಿಂಟೆಂಡೆಂಟ್. ಹುದ್ದೆಯ ಹೆಸರು ಮೊಳದುದ್ದ ಇದ್ದರೂ ಕೂರುವ ಜಾಗ ಮೆಟ್ಟಿಲ ಕೆಳಗೆ, ಜೆರಾಕ್ಸ್ ಮಷೀನಿನ ಪಕ್ಕ. ಹೋಗೋರು ಬರೋರು ಅವರ ಟೇಬಲ್ಲಿನ ಮೇಲೆ ಟಿಫಿನ್ ಕ್ಯಾರಿಯರ್ ಇಡುತ್ತಿದ್ದರು, ಮಳೆ ಬಂದರೆ ಛತ್ರಿ ಒಣಹಾಕುತ್ತಿದ್ದರು. ಹುಬ್ಬಳ್ಳಿಯ ಷಡ್ಡಕನಿಗೆ ಮಾತ್ರ ಕ್ಯಾಬಿನ್ ಇತ್ತು, ಕ್ಯಾಬಿನ್ನಿಗೆ ಕರೆಗಂಟೆಯೂ ಇತ್ತು. ಹೆಂಡತಿ ದಾಕ್ಷಾಯಣಿ ಅಕ್ಕನ ಮನೆಗೆ ಹೋಗಿ ಬಂದಾಗಲೆಲ್ಲ ಆ ಗಂಟೆಯ ಸದ್ದು ಅಬ್ಬಿಗೆರೆಯಲ್ಲಿ ವಾರಗಟ್ಟಲೆ ಕೇಳುತ್ತಿತ್ತು.

ಹೀಗಿರುವಾಗ ಕಾಲೇಜಿನ ಮ್ಯಾನೇಜರ್ ನಿವೃತ್ತರಾದರು, ಅವರ ಕ್ಯಾಬಿನ್ ಖಾಲಿಯಾಯಿತು. ಸೇವೆಯ ಹಿರಿತನ ನೋಡಿದರೆ ಅದು ವೀರಬಸಪ್ಪನವರಿಗೇ ಬರಬೇಕು. ಆದರೆ ಅಕೌಂಟ್ಸ್ ವಿಭಾಗದಲ್ಲಿ ನಿರಂಜನ್ ಎಂಬೊಬ್ಬನಿದ್ದ. ಪ್ರಿನ್ಸಿಪಾಲ್ ಕಲಾವತಿ ಮೇಡಂ ಸೀನುವ ಮೊದಲೇ ಟಿಶ್ಯೂ ಪೇಪರ್ ಚಾಚುವ ಹುಡುಗ ಅವನು. ಯಾವ ಕ್ಯಾಬಿನ್ ಯಾರ ಪಾಲಿಗೆ ಅನ್ನುವುದು ಇಂಥ ಕಡೆ ಹಿರಿತನದ ಮೇಲೆ ನಿಲ್ಲುವುದಿಲ್ಲ ಅಂತ ವೀರಬಸಪ್ಪನವರಿಗೆ ಗೊತ್ತಿತ್ತು.

ಮೇಡಂ ಕಾಶಿಯಾತ್ರೆಗೆ ಹೊರಟ ದಿನ ತಮ್ಮ ಕೋಣೆಯ ಆಂಥೂರಿಯಂ ಕುಂಡವನ್ನು ಎತ್ತಿಕೊಂಡು ಆಫೀಸಿಗೆ ಬಂದರು. ಅಂಗೈಯಗಲದ ಮೂರು ಕೆಂಪು ಹೂ, ಎಣ್ಣೆ ಸವರಿದಂಥ ಹೊಳಪು, ಒಂದೊಂದರ ನಡುವೆ ನೆಟ್ಟಗೆ ನಿಂತ ಹಳದಿ ಕಡ್ಡಿ.

"ಊರೆಲ್ಲ ಸುತ್ತಿ ಬರೋದು ತಡ ಆಗುತ್ತೆ. ಇದನ್ನ ಯಾರ ಹತ್ರ ಬಿಡೋದು ಅನ್ನೋದೇ ನಂಗೆ ಯೋಚ್ನೆ" ಅಂದರು.

ನಿರಂಜನ್ "ಮೇಡಂ, ನಮ್ಮನೆ ಬಾಲ್ಕನೀಲಿ..." ಅಂತ ಶುರುಮಾಡಿದ್ದೇ ತಡ, ವೀರಬಸಪ್ಪನವರು ಎದ್ದು ನಿಂತರು. "ನಾವು ಮೂಲತಃ ಒಕ್ಕಲುತನದ ಮಂದಿರೀ ಮೇಡಂ. ಗಿಡ ಅಂದ್ರ ನಮಗ ಮಕ್ಕಳಿದ್ದಂಗ."

ಈ ಮಾತಿನಲ್ಲಿ ಸತ್ಯ ಎಷ್ಟು ಅಂತ ಇಲ್ಲೇ ಹೇಳಿಬಿಡುವುದು ಮೇಲು. ಅವರದು ಗುಳೇದಗುಡ್ಡದ ಖಣದ ಅಂಗಡಿ ಮನೆತನ. ಅಪ್ಪ, ಅಜ್ಜ ಎಲ್ಲರೂ ರವಿಕೆ ಬಟ್ಟೆ ಅಳೆದು ಕೊಟ್ಟೇ ಬದುಕಿದವರು. ಅವರ ವಂಶಕ್ಕೂ ಬೇಸಾಯಕ್ಕೂ ಇದ್ದ ನಂಟು ಅಂದರೆ ಬಟ್ಟೆಯೊಳಗಿನ ಹತ್ತಿ ಮಾತ್ರ.

ಮೇಡಂ ನಂಬಿದರು. "ನೇರ ಬಿಸಿಲು ಬೇಡ. ಎಲೆ ಒರೆಸ್ತಾ ಇರಿ. ನೀರು ಮಾತ್ರ ಜಾಸ್ತಿ ಹಾಕ್ಬೇಡಿ ವೀರಬಸಪ್ಪ, ಬೇರು ಕೊಳೆಯುತ್ತೆ. ದಿನಾ ಒಂದು ಫೋಟೊ ಕಳಿಸಿ." ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿ, "ಬಂದ್ಮೇಲೆ ಕ್ಯಾಬಿನ್ ವಿಷ್ಯ ಮಾತಾಡೋಣ" ಅಂದರು.

ವೀರಬಸಪ್ಪನವರು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಕೆಳಗಡೆ ಗೇಟಿನ ಹತ್ತಿರ ಮನೆ ಮಾಲೀಕ ಚಿಕ್ಕಬೈರಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ. ಈಗ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವನು ಅವನು.

"ಏನ್ ಬಸಪ್ನೋರೆ, ಪ್ಲಾಸ್ಟಿಕ್ ಊವಾ?"

"ಅಲ್ಲರೀ, ಖರೇ ಹೂ."

ಚಿಕ್ಕಬೈರಪ್ಪ ಹೂವನ್ನು ಉಗುರಿನಿಂದ ಚಿವುಟಲು ಹೋದ. ವೀರಬಸಪ್ಪನವರು ಕುಂಡ ಹಿಂದಕ್ಕೆಳೆದರು. "ಸುಮ್ಕಿರಿ ಸಾಮಿ" ಅಂದ ಅವನು. "ಉಟ್ಟಿದಾಗ್ಲಿಂದ ಮಣ್ಣಾಗೇ ಬೆಳೆದೋನು ನಾನು. ಇಂಗೆ ಒಳೆಯೋ ಊವ ಯಾವ್ ಗಿಡ್ದಾಗೂ ಬಿಡಾಕಿಲ್ಲ. ಮಳ್ಳ ಮಾಡವ್ರೆ ನಿಮ್ಗೆ."

ಗಿಡವನ್ನು ಬಾಲ್ಕನಿಯ ನೆರಳಿನಲ್ಲಿಟ್ಟು, ಎಲೆ ಒರೆಸಿ, ಹದವಾಗಿ ನೀರು ಚಿಮುಕಿಸಿ ವೀರಬಸಪ್ಪನವರು ಮಲಗಿದರು. ಬಿಸಿಲಿನ ಬಗ್ಗೆ, ನೀರಿನ ಬಗ್ಗೆ, ಹುಳದ ಬಗ್ಗೆ ಎಲ್ಲ ವಿಚಾರ ಮಾಡಿದ್ದರು. ತಮ್ಮ ತಾಯಿ ರತ್ನಕ್ಕನ ಬಗ್ಗೆ ಮಾತ್ರ ಮಾಡಿರಲಿಲ್ಲ.

ರತ್ನಕ್ಕ ಯಾರು ಅಂತ ಅಬ್ಬಿಗೆರೆಯ ಯಾವ ಕಾಂಪೌಂಡನ್ನು ಕೇಳಿದರೂ ಹೇಳುತ್ತದೆ. ದಿನಾ ಬೆಳಗಾಗೆದ್ದು ತುದಿಯಲ್ಲಿ ಕೊಕ್ಕೆ ಇರುವ ಒಂದು ಕೋಲು, ಒಂದು ಕವರು ಹಿಡಿದು ಆಕೆ ವಾಕಿಂಗ್ ಹೊರಡುತ್ತಿದ್ದಳು. ವಾಪಸ್ ಬರುವಾಗ ಕವರಿನಲ್ಲಿ ಇಡೀ ಬಡಾವಣೆಯ ದಾಸವಾಳ, ಕಣಗಿಲೆ, ನಂದಿಬಟ್ಟಲು ಇರುತ್ತಿದ್ದವು. ಯಾರಾದರೂ ಕಿಟಕಿಯಿಂದ "ಯಾರ್ರೀ ಅದು" ಅಂದರೆ "ಪೂಜಾಕ್ಕವಾ" ಅನ್ನುತ್ತಿದ್ದಳು. ಆ ಒಂದು ಮಾತಿಗೆ ಉತ್ತರ ಹೇಳುವ ಧೈರ್ಯ ಬಡಾವಣೆಯಲ್ಲಿ ಯಾರಿಗೂ ಇರಲಿಲ್ಲ. ಚಿಕ್ಕಬೈರಪ್ಪನ ಹೆಂಡತಿ ಗೌರಮ್ಮ ಬೈದು ಬೈದು ಸಾಕಾಗಿ, ಕೊನೆಗೆ ತನ್ನ ಗಿಡದ ಹೂ ತನಗೆ ಬೇಕಾದಾಗ ರತ್ನಕ್ಕನ ಹತ್ತಿರವೇ ಕೇಳಿ ಇಸಿದುಕೊಳ್ಳುತ್ತಿದ್ದಳು.

ಮರುದಿನ ವೀರಬಸಪ್ಪನವರು ಎದ್ದು ಬಾಲ್ಕನಿಗೆ ಬಂದರೆ ಗಿಡದಲ್ಲಿ ಎರಡು ಹೂ. ಇನ್ನೊಂದು ದೇವರ ಜಗಲಿಯ ಮೇಲೆ ಬಸವಣ್ಣನ ಫೋಟೊಕ್ಕೆ ಏರಿತ್ತು. ಹೂವಿನ ಹಿಂದೆ ಬಸವಣ್ಣನ ಕಿರೀಟದ ತುದಿ ಅಷ್ಟೇ ಕಾಣುತ್ತಿತ್ತು.

"ಅವ್ವಾ, ಅದು ಪ್ರಿನ್ಸಿಪಾಲರ ಗಿಡ. ನನ್ನ ಕ್ಯಾಬಿನ್ ಅದರಾಗ ಐತಿ."

"ಇರಲಿ ಬಿಡಪಾ. ಮನಿಯಾಗ ಅರಳಿದ್ದನ್ನ ದೇವರಿಗೆ ಏರಿಸಬ್ಯಾಡ ಅಂತೀಯೇನು?"

ಫೋಟೊ ಕಳಿಸುವ ಹೊತ್ತು ಹತ್ತಿರ ಬರುತ್ತಿತ್ತು. ವೀರಬಸಪ್ಪನವರು ಹೂಗುಚ್ಛ ಮಾರುವ ಯಲಹಂಕದ ಬೊಕ್ಕೆ ಅಂಗಡಿಗೆ ಓಡಿ ಅದೇ ಬಣ್ಣದ, ಅದೇ ಗಾತ್ರದ ಒಂದು ಕಿತ್ತ ಹೂ ತಂದು, ಕಡ್ಡಿ ಕಟ್ಟಿ ಕುಂಡದ ಒದ್ದೆ ಮಣ್ಣಿನಲ್ಲಿ ಸಿಕ್ಕಿಸಿದರು. ಫೋಟೊ ಹೋಯಿತು. "ಸೂಪರ್" ಅಂತ ಕಾಶಿಯಿಂದ ಉತ್ತರ ಬಂತು.

ಅದರ ಮರುದಿನ ರತ್ನಕ್ಕ ಎರಡನೆಯ ಹೂ ಕಿತ್ತಳು. ಆಮೇಲೆ ಮೂರನೆಯದು. ಆಮೇಲೆ ಬೊಕ್ಕೆ ಅಂಗಡಿಯ ಹೂವನ್ನೂ ಕಿತ್ತಳು. "ಈ ಗಿಡ ಭಾಳ ಪುಣ್ಯದ್ದು ಬಸೂ, ಎಷ್ಟು ಕಿತ್ತರೂ ಮುಂಜಾನಿಗೆ ಮತ್ತ ಇರ್ತದ" ಅಂತ ಗೌರಮ್ಮನ ಮುಂದೆಯೂ ಹೇಳಿಕೊಂಡು ಬಂದಳು. ಬಾಲ್ಕನಿಗೆ ಬೀಗ ಹಾಕಿದರೆ ಬೀಗದಕೈ ಅವಳ ಸೊಂಟದಲ್ಲೇ ಇತ್ತು. ದಾಕ್ಷಾಯಣಿ ಬೇರೆ, "ಅಲ್ರೀ, ಅತ್ತಿಯವರಿಗೆ ಹೇಳಾಕ ಆಗಲ್ಲ, ದೇವರಿಗೆ ಹೇಳಾಕ ಆಗಲ್ಲ, ನಿಮ್ಮ ಮೇಡಂಗ ಹೇಳಾಕೂ ಆಗಲ್ಲ. ಹಿಂಗಾದ್ರ ನಿಮಗ ಕ್ಯಾಬಿನ್ ಯಾರು ಕೊಡ್ತಾರ" ಅಂದಳು. ಹೀಗೆ ಗಿಡದಲ್ಲಿ ಬರೀ ಎಲೆ ಉಳಿಯಿತು, ಹೂವಿನ ಪೂರ ಜವಾಬ್ದಾರಿ ಬೊಕ್ಕೆ ಅಂಗಡಿಯದಾಯಿತು.

ಒಂದು ದಿನ ಅಂಗಡಿಯಲ್ಲಿ ಕೆಂಪು ಎರಡೇ ಇದ್ದವು. ಇನ್ನೊಂದು ಬಿಳಿ. ವೀರಬಸಪ್ಪನವರು ಹಿಂದೆ ಮುಂದೆ ನೋಡದೆ ಅದನ್ನೇ ಸಿಕ್ಕಿಸಿ ಫೋಟೊ ಕಳಿಸಿದರು. ದೂರದ ಕಾಶಿಯಲ್ಲಿ, ಸಣ್ಣ ಪರದೆಯಲ್ಲಿ, ಇದನ್ನೆಲ್ಲ ಯಾರು ನೋಡುತ್ತಾರೆ ಅಂತ ಅವರ ಲೆಕ್ಕ.

ಮೇಡಂ ನೋಡಿದರು. ನೋಡಿ, ಆ ಫೋಟೊವನ್ನು ಸೀದಾ ಸ್ಟಾಫ್ ಗ್ರೂಪಿಗೆ ಹಾಕಿದರು: "ಕೆಂಪು ಗಿಡದಲ್ಲಿ ಬಿಳಿ ಹೂ. ನಮ್ಮ ವೀರಬಸಪ್ಪನವರ ಕೈಗುಣ."

ಗ್ರೂಪಿನಲ್ಲಿ ಚಪ್ಪಾಳೆಗಳ ಮಳೆ ಸುರಿಯಿತು. ವೀರಬಸಪ್ಪನವರು "ಮೇಡಂ, ಅದು" ಅಂತ ಟೈಪ್ ಮಾಡುವಷ್ಟರಲ್ಲಿ ಕಾಲೇಜಿನ ಚೇರ್ಮನ್ನರೇ ಹೆಬ್ಬೆರಳು ಎತ್ತಿಬಿಟ್ಟರು. ಚೇರ್ಮನ್ ಹೆಬ್ಬೆರಳು ಎತ್ತಿದ ಮೇಲೆ ಆ ಕಾಲೇಜಿನಲ್ಲಿ ಸತ್ಯ ತಿದ್ದುವ ಪದ್ಧತಿ ಇಲ್ಲ. ವೀರಬಸಪ್ಪನವರು ಟೈಪ್ ಮಾಡಿದ್ದನ್ನು ಅಳಿಸಿ, ಕೈ ಮುಗಿಯುವ ಚಿತ್ರ ಹಾಕಿದರು.

ಇದೆಲ್ಲ ಇಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಅದೇ ಹೊತ್ತಿಗೆ ಕಾಲೇಜಿಗೆ ಗ್ರೇಡ್ ಕೊಡುವ ತಪಾಸಣಾ ಸಮಿತಿ ಬರುವುದಿತ್ತು. ಕಟ್ಟಡಕ್ಕೆ ಸುಣ್ಣ ಬಳಿದಿದ್ದರು, ಲೈಬ್ರರಿಗೆ ಪುಸ್ತಕ ಬಾಡಿಗೆಗೆ ತಂದಿದ್ದರು, ಲ್ಯಾಬಿನ ಮಷೀನುಗಳ ಮೇಲಿನ ಧೂಳು ಹೊಡೆದಿದ್ದರು. ಸಂಶೋಧನೆ ಅನ್ನುವುದೊಂದು ಮಾತ್ರ ಎಲ್ಲೂ ಬಾಡಿಗೆಗೆ ಸಿಕ್ಕಿರಲಿಲ್ಲ. ಯಾತ್ರೆ ಮುಗಿಸಿ ಬಂದ ಮೇಡಮ್ಮನ್ನೂ ವೀರಬಸಪ್ಪನವರನ್ನೂ ಚೇರ್ಮನ್ ಕರೆಸಿಕೊಂಡರು.

"ಹೊಸ ತಳಿ ಅಂದ್ರೆ ರಿಸರ್ಚ್ ತಾನೇ? ಪೇಟೆಂಟಿಗೆ ಹಾಕ್ಬಿಡಿ. ಹೆಸರು ಏನಿಡೋಣ?"

"ಅಬ್ಬಿಗೆರೆ ಬೈಕಲರ್ ಅಂತ ಇಡಬಹುದು ಸರ್" ಅಂದ, ಬಾಗಿಲ ಹತ್ತಿರ ನಿಂತಿದ್ದ ನಿರಂಜನ್. ಅವನನ್ನು ಯಾರೂ ಕರೆದಿರಲಿಲ್ಲ.

"ಗಿಡ ಕಾಲೇಜಿಗೆ ತರಿಸಿ ವೀರಬಸಪ್ಪ, ಶೋಕೇಸಲ್ಲಿ ಇಡೋಣ" ಅಂದರು ಚೇರ್ಮನ್.

ವೀರಬಸಪ್ಪನವರು ತಲೆಯೊಳಗೇ ಲೆಕ್ಕ ಹಾಕಿದರು. ಇಲ್ಲಿಗೆ ತಂದರೆ ಮುಟ್ಟುವವರು ನೂರು ಜನ. "ಅದು ಜಾಗ ಬದಲಾದ್ರ ಮುನಿಸ್ಕೊಳ್ತದರೀ ಸರ್" ಅಂದರು.

"ಹೌದು, ಅದು ತುಂಬಾ ಸೆನ್ಸಿಟಿವ್" ಅಂದರು ಮೇಡಂ. "ಸಮಿತಿಯೋರನ್ನೇ ಅಲ್ಲಿಗೆ ಕರ್ಕೊಂಡು ಹೋಗೋಣ. ಫೀಲ್ಡ್ ಸ್ಟೇಷನ್ ಅಂತ ಬೋರ್ಡ್ ಹಾಕಿದ್ರಾಯ್ತು. ಇದೊಂದು ದಡ ಸೇರ್ಲಿ ವೀರಬಸಪ್ಪ, ಕ್ಯಾಬಿನ್ ನಿಮ್ದೇ." ಪೇಟೆಂಟ್ ಅರ್ಜಿ ಹೊರಟಾಗ ಸಂಶೋಧಕರ ಸಾಲಿನಲ್ಲಿ ಮೊದಲು ಚೇರ್ಮನ್, ಆಮೇಲೆ ಅವರ ಸೊಸೆ, ಆಮೇಲೆ ಮೇಡಂ, ಆಮೇಲೆ ನಿರಂಜನ್ ಇದ್ದರು. ವೀರಬಸಪ್ಪನವರು "ಮತ್ತಿತರರು" ಅನ್ನುವುದರೊಳಗಿದ್ದರು.

ಅಬ್ಬಿಗೆರೆಯ ಮನೆಗೆ ಬೋರ್ಡ್ ಬಂತು: "ಉಷ್ಣವಲಯ ಅಲಂಕಾರಿಕ ಸಸ್ಯ ಸಂಶೋಧನಾ ಕೇಂದ್ರ". ತನ್ನ ಕಟ್ಟಡದಲ್ಲಿ ತನಗೆ ಗೊತ್ತಿಲ್ಲದೆ ಕೇಂದ್ರವೊಂದು ಹುಟ್ಟಿದ್ದನ್ನು ನೋಡಿ ಚಿಕ್ಕಬೈರಪ್ಪ ಜಗಳಕ್ಕೆ ಬರುತ್ತಾನೆ ಅಂತ ವೀರಬಸಪ್ಪನವರು ಅಂಜಿದ್ದರು. ಅವನು ಬಂದದ್ದು ಫ್ಲೆಕ್ಸಿನ ಅಳತೆ ತೆಗೆಯಲಿಕ್ಕೆ. ಬೀದಿಯ ತುದಿಯಿಂದ ಕಾಣುವಂತೆ ಫ್ಲೆಕ್ಸ್ ಎದ್ದಿತು. ಕಪ್ಪು ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿರುವ ಚಿಕ್ಕಬೈರಪ್ಪ, ಪಕ್ಕದಲ್ಲಿ ಕೈ ಮುಗಿದ ಗೌರಮ್ಮ, ಕೆಳಗೆ "ಗಣ್ಯರಿಗೆ ಸುಸ್ವಾಗತ ಕೋರುವವರು: ಸಸ್ಯಪ್ರೇಮಿ ಚಿಕ್ಕಬೈರಪ್ಪ ಮತ್ತು ಅಭಿಮಾನಿ ಬಳಗ". ಹೂವಿಗೆ ಅದರಲ್ಲಿ ಜಾಗ ಸಾಲಲಿಲ್ಲ.

ಸಮಿತಿ ಬರುವ ದಿನ ದೊಡ್ಡ ಮುಹೂರ್ತದ ದಿನವೂ ಆಗಿತ್ತು. ಯಲಹಂಕದಿಂದ ಹೆಬ್ಬಾಳದವರೆಗೆ ಯಾವ ಬೊಕ್ಕೆ ಅಂಗಡಿಯಲ್ಲೂ ಒಂದೇ ಒಂದು ಆಂಥೂರಿಯಂ ಇರಲಿಲ್ಲ. ಎಲ್ಲವೂ ಮದುವೆ ಸ್ಟೇಜುಗಳನ್ನು ಹತ್ತಿ ಕೂತಿದ್ದವು. ಆಟೋದಲ್ಲಿ ಊರು ಸುತ್ತಿ ವೀರಬಸಪ್ಪನವರು ಕೊನೆಗೆ ಯಶವಂತಪುರದಲ್ಲಿ ನಸೀಮಾ ಎಂಬಾಕೆಯ ಫ್ಯಾನ್ಸಿ ಸ್ಟೋರಿಗೆ ಬಂದು ನಿಂತರು. ಆಕೆ ಎರಡು ಕೆಂಪು, ಒಂದು ಬಿಳಿ ಪ್ಲಾಸ್ಟಿಕ್ ಹೂ ತೆಗೆದಿಟ್ಟಳು. "ಧೂಳು ಕೂತ್ರೆ ಸೋಪ್ ನೀರಲ್ಲಿ ತೊಳೀರಿ ಸಾರ್, ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರುತ್ತೆ" ಅಂದಳು.

ಗೇಟಿನಲ್ಲಿ ಚಿಕ್ಕಬೈರಪ್ಪ ತಡೆದು ನೋಡಿದ. "ಆಂ, ಈಗ ನೋಡಿ. ಇದು ನಿಜವಾದ ಊವು. ಏನ್ ಕಳೆ ಐತೆ. ಅವತ್ತಿಂದು ಪ್ಲಾಸ್ಟಿಕ್ಕು ಅಂತ ನಾನು ಏಳ್ಲಿಲ್ವಾ?"

ವೀರಬಸಪ್ಪನವರು ಮದುವೆಯ ಕೋಟು ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತರು. ಸಮಿತಿಯವರು ಮೆಟ್ಟಿಲು ಹತ್ತಿ ಬಂದರು. ಮುಂದೆ ನರೆಗೂದಲಿನ ಹಿರಿಯ ಸದಸ್ಯರು, ಅವರ ಹಿಂದೆ ಪ್ರತಿಭಾ ಅನ್ನುವ ಪ್ರೊಫೆಸರ್, ಅವರ ಹಿಂದೆ ಚೇರ್ಮನ್, ಮೇಡಂ, ಲ್ಯಾಪ್‌ಟಾಪ್ ಹಿಡಿದ ನಿರಂಜನ್. ದೇವನಹಳ್ಳಿ ರಸ್ತೆಯ ರೆಸಾರ್ಟಿನಲ್ಲಿ ಊಟ ಕಾಯುತ್ತಿದ್ದುದರಿಂದ ಹಿರಿಯರು ಗಿಡಕ್ಕಿಂತ ಹೆಚ್ಚಾಗಿ ಗಡಿಯಾರ ನೋಡುತ್ತಿದ್ದರು.

"ಒಂದೇ ಗಿಡದಲ್ಲಿ ಎರಡು ಬಣ್ಣ. ಇದು ಹೇಗೆ ಸಾಧ್ಯ ಆಯ್ತು?" ಅಂತ ಕೇಳಿದರು.

ವೀರಬಸಪ್ಪನವರು ಬಾಯಿ ತೆರೆದರು. ನಿರಂಜನ್ ಅಷ್ಟರಲ್ಲೇ ಏಳು ಸ್ಲೈಡ್ ತೋರಿಸಿ ಮುಗಿಸಿದ. ಯಾರಿಗೂ ಏನೂ ತಿಳಿಯಲಿಲ್ಲ, ಎಲ್ಲರೂ ತಲೆಯಾಡಿಸಿದರು. ಸಮಿತಿ ಹೊರಡಲು ಅಣಿಯಾಯಿತು. ವೀರಬಸಪ್ಪನವರಿಗೆ ಕ್ಯಾಬಿನ್ನಿನ ಬಾಗಿಲ ಹಿಡಿಕೆ ಕೈಗೆ ತಾಗಿದ ಹಾಗಾಯಿತು.

ಆಗ ಒಳಗಿನಿಂದ ರತ್ನಕ್ಕ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಅಕ್ಕಿ, ತೆಂಗಿನಕಾಯಿ, ಗುಳೇದಗುಡ್ಡದ ಖಣ.

"ತಂಗೀ, ಎಲ್ಲಿಗೆ ಹೊಂಟಿ?" ಅಂದಳು ಪ್ರತಿಭಾ ಅವರಿಗೆ. "ಮನಿಗೆ ಬಂದ ಹೆಣಮಗಳು ಬರೇ ಉಡೀಲೆ ಹೋಗಬಾರದು. ಕುಂದರು, ಉಡಿ ತುಂಬತೀನಿ."

ಪ್ರೊಫೆಸರ್ ಬೇಡ ಬೇಡ ಅನ್ನುತ್ತಲೇ ಕೂತರು, ಸೆರಗು ಒಡ್ಡಿದರು. ಕುಂಕುಮ ಆಯಿತು, ಅಕ್ಕಿ ಬಿತ್ತು, ಕಾಯಿ ಬಿತ್ತು, ಖಣ ಬಿತ್ತು. ಹೂ ಇರಲಿಲ್ಲ. ಅವತ್ತಿನ ಗಡಿಬಿಡಿಯಲ್ಲಿ ರತ್ನಕ್ಕನ ವಾಕಿಂಗ್ ತಪ್ಪಿತ್ತು. ಆಕೆ ಸುತ್ತ ನೋಡಿದಳು. ಕುಂಡ ಕಣ್ಣಿಗೆ ಬಿತ್ತು.

"ಅವ್ವಾ, ಬ್ಯಾಡ" ಅಂದರು ವೀರಬಸಪ್ಪನವರು.

ಕೊಕ್ಕೆ ಕೋಲಿನಲ್ಲಿ ಪಳಗಿದ ಕೈ ಅದು. ಬಿಳಿ ಹೂವನ್ನು ಹಿಡಿದು ಒಂದೇ ಸಲಕ್ಕೆ ಎಳೆದಳು. ಹೂವಿನ ಹಿಂದೆ ಹಸಿರು ಟೇಪ್ ಸುತ್ತಿದ ತಂತಿ ಬಂತು, ತಂತಿಯ ಹಿಂದೆ ಜೇಡಿಮಣ್ಣಿನ ಉಂಡೆ ಬಂತು. ರತ್ನಕ್ಕ ಹೂವನ್ನು ಉಗುರಿನಲ್ಲಿ ಚಿವುಟಿ ನೋಡಿದಳು. ಆಕೆಯ ಮುಖ ಸಣ್ಣದಾಯಿತು.

"ಇದು ಪಿಲಾಸ್ಟಿಕ್ ಐತಲ್ಲೋ ಬಸೂ. ಇಷ್ಟು ದಿನ ನಾ ದೇವರಿಗೆ ಇದನ್ನ ಏರಿಸಿದ್ನೇನು?"

ವೀರಬಸಪ್ಪನವರು ಚೇರ್ಮನ್ನರನ್ನು ನೋಡಿದರು, ಮೇಡಮ್ಮನ್ನು ನೋಡಿದರು. ಕೊನೆಗೆ ತಾಯಿಯ ಕಡೆಗೆ ತಿರುಗಿದರು.

"ಇಲ್ಲವ್ವಾ, ದೇವರಾಣಿ ಇಲ್ಲ" ಅಂದರು. "ಪ್ಲಾಸ್ಟಿಕ್ ಇವತ್ತೊಂದಿನ ಅಷ್ಟ. ನೀ ಏರಿಸಿದ್ದೆಲ್ಲಾ ಖರೇ ಹೂ. ಮೊದಲ ಮೂರು ಮೇಡಂ ಗಿಡದ್ದು, ಉಳಿದವೆಲ್ಲಾ ನಾನಽ ಬೊಕ್ಕೆ ಅಂಗಡಿಯಿಂದ ತಂದು ಸಿಗಿಸಿದ್ದು. ಬಿಳೀದೂ ಅಂಗಡೀದಽ. ತಳಿ ಗಿಳಿ ಏನೂ ಇಲ್ಲವ್ವಾ."

ರತ್ನಕ್ಕ ನಿಟ್ಟುಸಿರು ಬಿಟ್ಟಳು. "ಹಂಗಾರ ಅಡ್ಡಿಯಿಲ್ಲ ತಗೊ" ಅಂದಳು. ಇಡೀ ಬಾಲ್ಕನಿಯಲ್ಲಿ ಸಮಾಧಾನವಾದದ್ದು ಆಕೆ ಒಬ್ಬಳಿಗೇ.

ಚೇರ್ಮನ್ ಎರಡು ಸಲ ಕೆಮ್ಮಿದರು. "ಇದು... ಇದು ಪ್ರದರ್ಶನದ ಮಾದರಿ ಸರ್."

"ಪೇಟೆಂಟ್ ಪೆಂಡಿಂಗ್ ಇದೆ ಸರ್" ಅಂತ ನಿರಂಜನ್ ಕೂಡಲೇ ಹಿಡಿದುಕೊಂಡ. "ಒರಿಜಿನಲ್ ಸೀಕ್ರೆಟ್ ಜಾಗದಲ್ಲಿದೆ. ಯಾರಾದ್ರೂ ಕೇಳಿದ್ರೆ ತಳಿನೇ ಇಲ್ಲ ಅನ್ಬೇಕು ಅಂತ ಸ್ಟಾಫಿಗೆ ಟ್ರೈನಿಂಗ್ ಕೊಟ್ಟಿದೀವಿ."

ಹಿರಿಯ ಸದಸ್ಯರು ನಿರಂಜನನನ್ನು ನೋಡಿದರು, ವೀರಬಸಪ್ಪನವರನ್ನು ನೋಡಿದರು, ಕೊನೆಗೆ ಗಡಿಯಾರ ನೋಡಿದರು. ನಿಜ ಒಪ್ಪಿಕೊಂಡರೆ ಮತ್ತೊಂದು ವರದಿ, ಮತ್ತೊಂದು ಭೇಟಿ, ಆರಿದ ಊಟ.

"ಹೆತ್ತ ತಾಯಿಗೂ ಬಾಯಿ ಬಿಡ್ಲಿಲ್ಲ ನೋಡಿ" ಅಂದರು. "ಇಂಥ ನಿಷ್ಠೆ ನಾನು ದೊಡ್ಡ ದೊಡ್ಡ ಸಂಸ್ಥೆಗಳಲ್ಲೂ ಕಂಡಿಲ್ಲ. ಬರ್ಕೊಳ್ಳಿ, ಗೋಪ್ಯತೆ ಅತ್ಯುತ್ತಮ."

"ಅಲ್ಲರೀ ಸರ್, ನಾ ಖರೇನಽ ಹೇಳಾಕತ್ತೀನಿ" ಅಂದರು ವೀರಬಸಪ್ಪನವರು.

"ಗೊತ್ತಾಯ್ತು, ಗೊತ್ತಾಯ್ತು" ಅಂತ ಅವರ ಬೆನ್ನು ತಟ್ಟಿ ಹಿರಿಯರು ಮೆಟ್ಟಿಲಿಳಿದರು. ಪ್ರತಿಭಾ ಅವರು ಬಿಳಿ ಹೂವನ್ನು ಖಣದ ಜೊತೆ ಬ್ಯಾಗಿಗೆ ಹಾಕಿಕೊಂಡು, "ಕಾರಲ್ಲಿ ಇಡ್ತೀನಿ ಅಜ್ಜಿ, ಚೆನ್ನಾಗಿದೆ" ಅಂದು ಹೋದರು.

ಕಾಲೇಜಿಗೆ ಒಳ್ಳೆಯ ಗ್ರೇಡ್ ಬಂತು. ಚಿಕ್ಕಬೈರಪ್ಪ ಅದಕ್ಕೂ ಒಂದು ಫ್ಲೆಕ್ಸ್ ಹಾಕಿಸಿದ. ಮ್ಯಾನೇಜರ್ ಕ್ಯಾಬಿನ್, ಸಮಯಕ್ಕೆ ಸರಿಯಾಗಿ ಸಂಸ್ಥೆಯ ಮಾನ ಉಳಿಸಿದ್ದಕ್ಕಾಗಿ ನಿರಂಜನನಿಗೆ ಹೋಯಿತು. ಹಾಗಂತ ವೀರಬಸಪ್ಪನವರನ್ನು ಕೈಬಿಟ್ಟರು ಅಂತ ಯಾರೂ ಹೇಳುವ ಹಾಗಿಲ್ಲ. ಜೆರಾಕ್ಸ್ ಮಷೀನನ್ನು ಆಚೆ ತಳ್ಳಿ, ಮೆಟ್ಟಿಲ ಕೆಳಗಿನ ಅದೇ ಜಾಗಕ್ಕೆ ಪ್ಲೈವುಡ್ ಬಡಿದು ಬಾಗಿಲಿಟ್ಟುಕೊಟ್ಟರು. ಬಾಗಿಲ ಮೇಲೆ ಸಂಶೋಧನಾ ಕೇಂದ್ರದ ಬೋರ್ಡು, ಅದರಡಿ ಸಣ್ಣಕ್ಷರದಲ್ಲಿ ಅವರ ಹೆಸರು. ದಾಕ್ಷಾಯಣಿ ಅವತ್ತೇ ಹುಬ್ಬಳ್ಳಿಗೆ ಫೋನ್ ಮಾಡಿ, "ನಮ್ಮವರಿಗೂ ಕ್ಯಾಬಿನ್ ಆತವಾ" ಅಂದಳು. ಬಾಗಿಲು ತಟ್ಟುವವರು ಯಾರೂ ಬರಲಿಲ್ಲ. ಟಿಫಿನ್ ಕ್ಯಾರಿಯರುಗಳು ಮಾತ್ರ ತಟ್ಟದೆ ಒಳಗೆ ಬರುತ್ತಿದ್ದವು.

ನಿಜವಾದ ಗಿಡ ಅಬ್ಬಿಗೆರೆಯಲ್ಲೇ ಉಳಿಯಿತು. ಅದನ್ನು ಮೇಡಂ ವಾಪಸ್ ಕೇಳಲಿಲ್ಲ, ತಮ್ಮದು ಅನ್ನುವುದನ್ನೇ ಮರೆತಿದ್ದರು. ಅದು ಈಗ ತನ್ನ ಪಾಡಿಗೆ ಕೆಂಪು ಹೂ ಬಿಡುತ್ತದೆ. ರತ್ನಕ್ಕ ಒಂದೊಂದನ್ನೂ ಉಗುರಿನಲ್ಲಿ ಚಿವುಟಿ, ಖರೇ ಅಂತ ಖಾತ್ರಿ ಮಾಡಿಕೊಂಡೇ ದೇವರಿಗೆ ಏರಿಸುತ್ತಾಳೆ.

ಕೇಂದ್ರದಲ್ಲಿ ಇಡಲಿಕ್ಕೆ ಚೇರ್ಮನ್ನರೇ ನಸೀಮಾಳ ಅಂಗಡಿಯಿಂದ ಪೂರ್ತಿ ಗಿಡ ತರಿಸಿಕೊಟ್ಟರು. ಎಲೆ, ಹೂ, ಮಣ್ಣು, ಎಲ್ಲವೂ ಪ್ಲಾಸ್ಟಿಕ್. ಸಂಶೋಧನೆ ನಡೆಯುತ್ತಿದೆ ಅನ್ನುವುದಕ್ಕೆ ದಿನಾ ಸಾಕ್ಷಿ ಬೇಕಲ್ಲ, ಹಾಗಾಗಿ ವೀರಬಸಪ್ಪನವರು ದಿನಾ ಅದಕ್ಕೆ ನೀರು ಹಾಕಬೇಕು, ಹಾಕುವುದರ ಫೋಟೊ ಗ್ರೂಪಿಗೆ ಕಳಿಸಬೇಕು. ಅವರು ತಪ್ಪದೆ ಹಾಕುತ್ತಿದ್ದರು, ತಪ್ಪದೆ ಕಳಿಸುತ್ತಿದ್ದರು.

ಒಂದು ಬೆಳಿಗ್ಗೆ ಕಲಾವತಿ ಮೇಡಂ ಆ ದಾರಿಯಲ್ಲಿ ಹೋಗುತ್ತಾ ಬಾಗಿಲ ಹತ್ತಿರ ನಿಂತರು. ಕುಂಡದಿಂದ ನೀರು ತುಳುಕಿ ಟೇಬಲ್ಲಿನ ಮೇಲೆ ಹರಿಯುತ್ತಿತ್ತು. ಅವರು ಹುಬ್ಬು ಗಂಟಿಕ್ಕಿದರು.

"ಎಷ್ಟು ಸಲ ಹೇಳ್ಬೇಕು ವೀರಬಸಪ್ಪ? ನೀರು ಜಾಸ್ತಿ ಹಾಕ್ಬೇಡಿ, ಬೇರು ಕೊಳೆಯುತ್ತೆ."

"ತಪ್ಪಾತರೀ ಮೇಡಂ" ಅಂದರು ವೀರಬಸಪ್ಪನವರು. ಮರುದಿನದಿಂದ ಅರ್ಧ ಲೋಟವೇ ಹಾಕತೊಡಗಿದರು.